ಹುಬ್ಬಳ್ಳಿಯಿಂದ ಬೆಂಗಳೂರಿನ ರಾಕ್ ಕನ್ಸರ್ಟಿಗೆ: ಟಿಕೆಟ್‌ನಿಂದ ಹಿಡಿದು ಕಿವಿಯ ಕಾಳಜಿಯವರೆಗೆ

ಮೆಚ್ಚಿನ ಬ್ಯಾಂಡ್ ಬೆಂಗಳೂರಿಗೆ ಬರುತ್ತದೆ ಎಂಬ ಸುದ್ದಿ ಬಂದ ದಿನದಿಂದಲೇ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಅಭಿಮಾನಿಯ ಲೆಕ್ಕ ಬೇರೆ ಇರುತ್ತದೆ. ಬೆಂಗಳೂರಿನವರು ಆಫೀಸು ಮುಗಿಸಿ ಮೆಟ್ರೊ ಹಿಡಿದು ಹೋಗಿ ನಿಲ್ಲುತ್ತಾರೆ. ನಮ್ಮ ಕಡೆಯವರು ನಾನೂರು ಕಿಲೋಮೀಟರ್ ದಾಟಬೇಕು, ರಾತ್ರಿ ನಿದ್ದೆ ಬಿಡಬೇಕು, ಕೆಲಸಕ್ಕೆ ರಜೆ ಹಾಕಬೇಕು. ವೇದಿಕೆಯ ಮೇಲಿನ ಎರಡು ತಾಸಿಗೆ ನಮ್ಮ ಎರಡು ದಿನ ಹೋಗುತ್ತವೆ. ಆ ಎರಡು ತಾಸೂ ಕಾಲುನೋವು, ಫೋನಿನ ಚಾರ್ಜು, ಕೊನೆಯ ಬಸ್ಸಿನ ಚಿಂತೆಯಲ್ಲೇ ಕಳೆದರೆ ಹೋದದ್ದು ದಂಡ. ಮೊದಲ ಹಾಡು ಶುರುವಾದಾಗ ಕೇಳುವುದೊಂದೇ ಕೆಲಸ ಉಳಿಯಬೇಕು. ಉಳಿದದ್ದನ್ನೆಲ್ಲ ಊರು ಬಿಡುವ ಮುಂಚೆಯೇ ಮುಗಿಸಿಕೊಳ್ಳುವುದು ಹೇಗೆ ಎಂಬುದಷ್ಟೇ ಈ ಲೇಖನದ ವಿಷಯ.

ಕೂತು ಕೇಳುವುದನ್ನು ನಮ್ಮ ಭಾಗಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರರನ್ನು ಎದುರಿಗೇ ಕೂತು ಕೇಳಿದ ನೆಲ ಇದು. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಹೆಸರಿನಲ್ಲಿ ರಾತ್ರಿಯಿಡೀ ಸಂಗೀತ ಕೇಳುವ ರೂಢಿಯೂ ಇದೆ. ರಾಕ್ ಕನ್ಸರ್ಟಿಗೆ ಬೇಕಾದ್ದು ಅದೇ ಕಿವಿ, ಅದೇ ತಾಳ್ಮೆ. ದೇಹದ ತಯಾರಿ ಮಾತ್ರ ಪೂರ್ತಿ ಬೇರೆ.

ರಾತ್ರಿ ಹತ್ತರ ಗೆರೆ

ಎಲ್ಲ ಯೋಜನೆಯೂ ಒಂದು ಸಮಯದಿಂದ ಹಿಂದಕ್ಕೆ ಎಣಿಸಿಕೊಂಡು ಬರಬೇಕು. ಆ ಸಮಯ ರಾತ್ರಿ 10 ಗಂಟೆ. 2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸರ್ಕಾರ ಮನಸ್ಸು ಮಾಡಿದರೆ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ಸಡಿಲಿಸಬಹುದು, ಅದೂ ಧಾರ್ಮಿಕ, ಸಾಂಸ್ಕೃತಿಕ ಸಂದರ್ಭಗಳಿಗೆ. ಹಾಗಾಗಿ ಬೆಂಗಳೂರಿನ ಬಯಲಿನ ಕನ್ಸರ್ಟುಗಳು ಬೇಗ ಶುರುವಾಗಿ ಬೇಗ ಮುಗಿಯುತ್ತವೆ. ಸಾಮಾನ್ಯವಾಗಿ ಮಧ್ಯಾಹ್ನ ಮೂರು-ನಾಲ್ಕಕ್ಕೆ ಗೇಟ್ ತೆರೆಯುತ್ತಾರೆ. ಸಂಜೆ ಮೊದಲಿನ ಬ್ಯಾಂಡುಗಳು ನುಡಿಸುತ್ತವೆ, ಎಂಟರ ಆಸುಪಾಸಿಗೆ ಮುಖ್ಯ ಬ್ಯಾಂಡ್ ಬರುತ್ತದೆ, ಹತ್ತರೊಳಗೆ ಕೊನೆಯ ಹಾಡು. “ರಾಕ್ ಶೋ ಅಂದ್ರ ರಾತ್ರಿ ಶುರುವಾಗ್ತದ” ಅಂದುಕೊಂಡು ಎಂಟೂವರೆಗೆ ಗೇಟಿಗೆ ಬಂದವರು ಅರ್ಧ ಕಾರ್ಯಕ್ರಮವನ್ನು ಹೊರಗಿನ ಸಾಲಿನಲ್ಲೇ ಕೇಳುತ್ತಾರೆ.

ಟಿಕೆಟ್ ಕೊಳ್ಳುವ ದಿನ

ದೊಡ್ಡ ಬ್ಯಾಂಡುಗಳ ಟಿಕೆಟ್ ಈಗ ಬುಕ್‌ಮೈಶೋ ಅಥವಾ ಡಿಸ್ಟ್ರಿಕ್ಟ್ ಆ್ಯಪಿನಲ್ಲಿ ಬರುತ್ತದೆ. ಮಾರಾಟ ಶುರುವಾಗುವ ಹೊತ್ತಿಗೆ ಆನ್‌ಲೈನ್ ಸಾಲು ಹಚ್ಚುತ್ತಾರೆ. ಎಡವಟ್ಟಾಗುವುದು ಸಾಲಿನಲ್ಲಲ್ಲ, ಸರದಿ ಬಂದ ಮೇಲೆ. ಪಾಸ್‌ವರ್ಡ್ ನೆನಪಿರುವುದಿಲ್ಲ, ಕಾರ್ಡಿನ ಆನ್‌ಲೈನ್ ಮಿತಿ ಕಡಿಮೆ ಇರುತ್ತದೆ, ಒಟಿಪಿ ಬರುವ ಸಿಮ್ ಮನೆಯಲ್ಲಿರುವ ಇನ್ನೊಂದು ಫೋನಿನಲ್ಲಿರುತ್ತದೆ. ಹಿಂದಿನ ದಿನವೇ ಲಾಗಿನ್ ಆಗಿ ನೋಡಿ. ಬ್ಯಾಂಕ್ ಆ್ಯಪಿನಲ್ಲಿ ಆನ್‌ಲೈನ್ ವಹಿವಾಟಿನ ಮಿತಿ ಏರಿಸಿ. ಯುಪಿಐ ಒಂದನ್ನೇ ನಂಬದೆ ಕಾರ್ಡನ್ನೂ ಸಿದ್ಧವಾಗಿಡಿ. ಸಾಲಿನಲ್ಲಿದ್ದಾಗ ಪುಟವನ್ನು ರಿಫ್ರೆಶ್ ಮಾಡಬೇಡಿ, ಅನೇಕ ಸಲ ಅದರಿಂದಲೇ ಸರದಿ ಕೈತಪ್ಪುತ್ತದೆ. ನಾಲ್ವರು ಹೋಗುವುದಿದ್ದರೆ ನಾಲ್ವರೂ ಸಾಲಿನಲ್ಲಿರಿ, ಮೊದಲು ಸರದಿ ಸಿಕ್ಕವರು ನಾಲ್ಕೂ ಕೊಳ್ಳಲಿ. ಯಾವ ದರ್ಜೆ ಸಿಗದಿದ್ದರೆ ಯಾವುದು, ಎಷ್ಟು ರೂಪಾಯಿಯವರೆಗೆ ಎಂಬುದನ್ನು ಮೊದಲೇ ಮಾತಾಡಿಕೊಂಡಿರಬೇಕು. ಪಾವತಿ ಪುಟದಲ್ಲಿ ಗಡಿಯಾರ ಓಡುತ್ತಿರುವಾಗ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಭಿಪ್ರಾಯ ಕೇಳುತ್ತ ಕೂತರೆ ಟಿಕೆಟ್ ಹೋಯಿತು ಅಂತಲೇ ತಿಳಿಯಿರಿ.

ಕೈಬದಲಿನ ಟಿಕೆಟ್ ಬಗ್ಗೆ ಒಂದೇ ಮಾತು. ಕ್ಯುಆರ್ ಕೋಡ್ ಒಂದು ಸಲ ಮಾತ್ರ ಕೆಲಸ ಮಾಡುತ್ತದೆ. ಅದೇ ಚಿತ್ರವನ್ನು ಐದು ಜನಕ್ಕೆ ಮಾರಿದ್ದರೆ ಗೇಟಿಗೆ ಮೊದಲು ತಲುಪಿದವರು ಒಳಗೆ, ಉಳಿದ ನಾಲ್ವರು ಹೊರಗೆ. ಗುರುತಿದ್ದವರಿಂದ, ಅದೂ ಆ್ಯಪಿನೊಳಗೇ ವರ್ಗಾವಣೆ ಮಾಡಿಸಿಕೊಳ್ಳಲು ಆಗುವುದಾದರೆ ಮಾತ್ರ ಕೊಳ್ಳಿ.

ರದ್ದಾಗುವ ಸಾಧ್ಯತೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. 2011ರಲ್ಲಿ ಮೆಟಾಲಿಕಾ ಭಾರತಕ್ಕೆ ಬಂದಾಗ ಅಕ್ಟೋಬರ್ 28ಕ್ಕೆ ದೆಹಲಿ ಪಕ್ಕದ ಗುರುಗ್ರಾಮದಲ್ಲಿ ಇದ್ದ ಕಾರ್ಯಕ್ರಮ, ಜನ ಬಂದು ನೆರೆದ ಮೇಲೆ ಮುಂದಿನ ಬ್ಯಾರಿಕೇಡಿನ ತೊಂದರೆಯಿಂದ ನಿಂತುಹೋಯಿತು. ಎರಡೇ ದಿನಕ್ಕೆ, ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅದೇ ಬ್ಯಾಂಡ್ ನುಡಿಸಿತು. ಟಿಕೆಟ್ ಹಣವನ್ನು ಆಯೋಜಕರು ಮರಳಿ ಕೊಡಬಹುದು, ಆದರೆ ನಿಮ್ಮ ರೈಲು-ಲಾಡ್ಜಿನ ಹಣ ಕೊಡುವವರು ಯಾರೂ ಇಲ್ಲ. ಲಾಡ್ಜನ್ನು ಉಚಿತವಾಗಿ ರದ್ದುಮಾಡಲು ಬರುವಂತೆಯೇ ಬುಕ್ ಮಾಡಿ.

ಎಲ್ಲಿ ನಿಂತರೆ ಏನು ಕೇಳಿಸುತ್ತದೆ

ಟಿಕೆಟ್ ದರ್ಜೆ ಆಯುವಾಗ ಬಹಳ ಜನ ವೇದಿಕೆಗೆ ಎಷ್ಟು ಹತ್ತಿರ ಎಂದಷ್ಟೇ ನೋಡುತ್ತಾರೆ. ಹತ್ತಿರವಿದ್ದಷ್ಟೂ ಚೆನ್ನಾಗಿ ಕಾಣುತ್ತದೆ, ನಿಜ. ಚೆನ್ನಾಗಿ ಕೇಳಿಸುತ್ತದೆ ಅನ್ನುವುದು ನಿಜವಲ್ಲ.

ವೇದಿಕೆಯ ಎರಡೂ ಬದಿ ಎತ್ತರದಲ್ಲಿ ಬಾಳೆಗೊನೆಯ ಹಾಗೆ ಬಾಗಿ ತೂಗುವ ಸ್ಪೀಕರ್ ಸಾಲು ಇರುತ್ತದಲ್ಲ, ಅದನ್ನು ಇಡೀ ಮೈದಾನಕ್ಕೆ ಶಬ್ದ ತಲುಪಿಸಲು ತಿರುಗಿಸಿರುತ್ತಾರೆ. ಬ್ಯಾರಿಕೇಡಿಗೆ ಆತು ನಿಂತವರ ತಲೆಯ ಮೇಲಿಂದ ಅದರ ಬಹುಪಾಲು ದಾಟಿಹೋಗುತ್ತದೆ. ಅಲ್ಲಿ ಕೇಳಿಸುವುದು ಡ್ರಮ್ಮಿನ ನೇರ ಪೆಟ್ಟು, ಗಿಟಾರ್ ಆ್ಯಂಪ್, ಮತ್ತು ವೇದಿಕೆಯ ಅಂಚಿಗೆ ಇಟ್ಟ ಸಣ್ಣ ಸ್ಪೀಕರುಗಳು. ಕೆಳಗೆ ಸಾಲಾಗಿ ಜೋಡಿಸಿದ ಸಬ್‌ವೂಫರ್ ಎಂಬ ಸ್ಪೀಕರುಗಳ ಬೇಸ್, ಅಂದರೆ ತಗ್ಗಿನ ಸದ್ದು, ಎದೆಗೇ ಬಡಿಯುತ್ತದೆ. ಹಾಡುಗಾರನ ದನಿ ಅದರ ಅಡಿಯಲ್ಲಿ ಹೂತುಹೋಗಬಹುದು.

ಇನ್ನೊಂದು ಜಾಗ ಇದೆ. ಮೈದಾನದ ನಡುವೆ, ವೇದಿಕೆಯಿಂದ ಮೂವತ್ತು-ಐವತ್ತು ಮೀಟರ್ ದೂರದಲ್ಲಿ ಒಂದು ಸಣ್ಣ ಮಂಟಪ ಕಟ್ಟಿರುತ್ತಾರೆ. ಮಿಕ್ಸಿಂಗ್ ಕನ್ಸೋಲ್ ಇರುವುದು ಅಲ್ಲೇ. ಸೌಂಡ್ ಎಂಜಿನಿಯರ್ ತನ್ನ ಕಿವಿಗೆ ಬಿದ್ದದ್ದನ್ನು ನಂಬಿಯೇ ಎಲ್ಲ ವಾದ್ಯಗಳ ಮಟ್ಟ ಹೊಂದಿಸುತ್ತಾರೆ. ಅಂದರೆ ಅವರಿಗೆ ಕೇಳಿಸುವುದೇ ಬ್ಯಾಂಡ್ ನಿಮಗೆ ಕೇಳಿಸಬೇಕೆಂದುಕೊಂಡ ಶಬ್ದ. ಆ ಮಂಟಪದ ನೇರ ಮುಂದೆ ಐದಾರು ಮೀಟರಿನೊಳಗೆ, ಇಲ್ಲವೇ ಅದರ ಅಕ್ಕಪಕ್ಕ ನಿಂತರೆ ಎರಡು ಗಿಟಾರುಗಳೂ ಬೇರೆಬೇರೆಯಾಗಿ ಕೇಳುತ್ತವೆ, ಬೇಸ್ ಗಿಟಾರಿನ ಸ್ವರ ಬರೀ ಗುಡುಗಾಗದೆ ಸ್ವರವಾಗಿಯೇ ಕೇಳುತ್ತದೆ. ಹಿಂದೆ ಬೆನ್ನು ಕೊಡಲು ಕಟಕಟೆಯೂ ಸಿಗುತ್ತದೆ, ನೂಕಾಟವೂ ಕಡಿಮೆ. ಬ್ಯಾಂಡಿನ ಒಂದೊಂದು ಹಾಡಿನ ಒಂದೊಂದು ತಿರುವೂ ಗೊತ್ತಿರುವ ಅಭಿಮಾನಿಗೆ ನಮ್ಮ ಶಿಫಾರಸು ಇದೇ ಜಾಗ. ದುಬಾರಿ ಟಿಕೆಟಿನ ಆವರಣ ಮಂಟಪಕ್ಕಿಂತ ಮುಂದೆಯೇ ಮುಗಿದರೆ, ಕಡಿಮೆ ದರದ ಟಿಕೆಟಿನಲ್ಲೇ ಒಳ್ಳೆಯ ಶಬ್ದ ಸಿಗುತ್ತದೆ. ಆ್ಯಪಿನಲ್ಲಿ ಕೊಡುವ ನಕ್ಷೆಯಲ್ಲಿ ಈ ಮಂಟಪ ಎಲ್ಲಿದೆ ನೋಡಿಯೇ ದರ್ಜೆ ಆರಿಸಿ.

ತೀರಾ ಹಿಂದೆ ಹೋದರೆ ಬೇರೆ ತೊಂದರೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ನೂರು ಮೀಟರ್ ಹಿಂದೆ ನಿಂತವರಿಗೆ ಡ್ರಮ್ಮಿನ ಕೋಲು ಬಿದ್ದದ್ದು ಕಂಡ ಮೇಲೆ ಸುಮಾರು 0.3 ಸೆಕೆಂಡಿಗೆ ಶಬ್ದ ಬರುತ್ತದೆ. ದೊಡ್ಡ ಮೈದಾನಗಳಲ್ಲಿ ನಡುವೆ ಇನ್ನೂ ಕೆಲವು ಸ್ಪೀಕರ್ ಗೋಪುರ ನಿಲ್ಲಿಸಿ, ಮುಂದಿನ ಶಬ್ದ ಅಲ್ಲಿಗೆ ತಲುಪುವ ಹೊತ್ತಿಗೆ ಸರಿಯಾಗಿ ತಡಮಾಡಿ ಬಿಡುತ್ತಾರೆ. ಅಂಥ ಗೋಪುರದ ಮುಂಭಾಗದಲ್ಲಿ ನಿಲ್ಲಿ. ಪಕ್ಕಕ್ಕೆ ಅಥವಾ ಹಿಂದಕ್ಕೆ ನಿಂತರೆ ಒಂದೇ ಪೆಟ್ಟು ಎರಡು ಸಲ ಕೇಳಿಸುತ್ತದೆ.

ಹೋಗುವ ದಾರಿ, ಅದಕ್ಕಿಂತ ಮುಖ್ಯವಾಗಿ ಬರುವ ದಾರಿ

ಟಿಕೆಟ್ ಕೈಗೆ ಬಂದ ದಿನವೇ ರೈಲಿನದ್ದೂ ನೋಡಿ. ಮುಂಗಡ ಕಾಯ್ದಿರಿಸುವಿಕೆ 2024ರ ನವೆಂಬರಿನಿಂದ 60 ದಿನಕ್ಕೆ ಇಳಿದಿದೆ. ಅದು ತಪ್ಪಿದರೆ ತತ್ಕಾಲ್. ರೈಲು ಹೊರಡುವ ಹಿಂದಿನ ದಿನ ಎಸಿ ದರ್ಜೆಗೆ ಬೆಳಿಗ್ಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ ತೆರೆಯುತ್ತದೆ. ಈಗ ಆಧಾರ್ ದೃಢೀಕರಣವಾದ ಐಆರ್‌ಸಿಟಿಸಿ (ರೈಲು ಟಿಕೆಟ್ ತಾಣದ) ಖಾತೆ ಬೇಕು, ಅದನ್ನು ಮೊದಲೇ ಮಾಡಿಟ್ಟುಕೊಳ್ಳಿ.

ಎಲ್ಲಕ್ಕಿಂತ ನಿಶ್ಚಿಂತೆಯ ದಾರಿ ಹಿಂದಿನ ರಾತ್ರಿಯ ರೈಲು. ಬೆಳಗಾವಿ ಕಡೆಯಿಂದ ಬರುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಧಾರವಾಡ, ಹುಬ್ಬಳ್ಳಿ, ಹಾವೇರಿ ದಾಟಿ ಬೆಳಗಿನ ಹೊತ್ತಿಗೆ ಬೆಂಗಳೂರು ಮುಟ್ಟಿಸುತ್ತದೆ. ಗದಗಿನವರಿಗೆ ಹಂಪಿ ಎಕ್ಸ್‌ಪ್ರೆಸ್ ಇದೆ. ಅದು ಹೊಸಪೇಟೆ, ಬಳ್ಳಾರಿ ಸುತ್ತಿ ಹೋಗುವುದರಿಂದ ದಾರಿ ಉದ್ದ, ಆದರೆ ಹುಬ್ಬಳ್ಳಿಗೆ ಬರುವ ತಾಪತ್ರಯ ಇಲ್ಲ. ವಂದೇ ಭಾರತ್ ಎರಡಿವೆ, ಹೆಸರು ನೋಡಿ ಮೋಸಹೋಗಬೇಡಿ. ಧಾರವಾಡದಿಂದ ಮಧ್ಯಾಹ್ನ ಹೊರಡುವುದು ಸಂಜೆ ದಾಟಿದ ಮೇಲೆ ಬೆಂಗಳೂರು ತಲುಪುತ್ತದೆ, ಕನ್ಸರ್ಟಿಗೆ ಉಪಯೋಗವಿಲ್ಲ. ಬೆಳಗಾವಿಯಿಂದ ನಸುಕಿಗೆ ಹೊರಟು ಧಾರವಾಡ, ಹುಬ್ಬಳ್ಳಿಗೆ ಮುಂಜಾನೆ ಬರುವುದು ಮಧ್ಯಾಹ್ನ ಎರಡರ ಹೊತ್ತಿಗೆ ತಲುಪಿಸುತ್ತದೆ. ಅದಾದರೆ ನಡೆಯುತ್ತದೆ, ಆದರೆ ವಾರದ ಎಲ್ಲ ದಿನ ಓಡುವುದಿಲ್ಲ. ಮಧ್ಯಾಹ್ನದ ಜನಶತಾಬ್ದಿಯನ್ನು ಪೂರ್ತಿ ಮರೆತುಬಿಡಿ.

ಧಾರವಾಡದವರು ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬಂದು ರೈಲು ಹತ್ತುವುದಿದ್ದರೆ ಅರ್ಧ ತಾಸು ಹೆಚ್ಚಿಗೆ ಇಟ್ಟುಕೊಳ್ಳಿ. ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಉದ್ದದ ಪ್ಲಾಟ್‌ಫಾರ್ಮ್ 1,507 ಮೀಟರ್ ಇದೆ. ನಿಮ್ಮ ಬೋಗಿ ಆ ತುದಿಗಿದ್ದರೆ ಚೀಲ ಹೊತ್ತು ಒಂದು ಕಿಲೋಮೀಟರ್ ನಡಿಗೆ ಗ್ಯಾರಂಟಿ.

ಇನ್ನು ವಾಪಸು ಬರುವುದು. ಬಹುತೇಕರು ಎಡವುವುದು ಇಲ್ಲೇ. ಹತ್ತಕ್ಕೆ ಹಾಡು ಮುಗಿದರೂ ಸಾವಿರಾರು ಜನ ಒಂದೇ ಗೇಟಿನಿಂದ ಹೊರಬರಲು ಅರ್ಧದಿಂದ ಮುಕ್ಕಾಲು ತಾಸು ಬೇಕು. ಹನ್ನೊಂದಕ್ಕೆ ಮುಂಚಿನ ಯಾವ ರೈಲನ್ನೂ ನೆಚ್ಚಿ ಟಿಕೆಟ್ ಮಾಡಿಸಬೇಡಿ. ಮಾಡಿಸಿದರೆ ಒಂಬತ್ತರಿಂದಲೇ ಗಡಿಯಾರ ನೋಡಲು ಶುರು ಮಾಡುತ್ತೀರಿ, ಕೊನೆಯ ನಾಲ್ಕು ಹಾಡು ಕೈಬಿಡುತ್ತೀರಿ. ಬ್ಯಾಂಡುಗಳು ಸಾಮಾನ್ಯವಾಗಿ ದೊಡ್ಡ ಹಾಡುಗಳನ್ನು ಉಳಿಸಿಕೊಳ್ಳುವುದೇ ಆ ಹೊತ್ತಿಗೆ.

ಯಾವ ಮೈದಾನ ಎಂಬುದರ ಮೇಲೆ ದಾರಿ ನಿರ್ಧಾರವಾಗುತ್ತದೆ. ತುಮಕೂರು ರಸ್ತೆಯ ಮಾದಾವರದ ಕಡೆ ಕಾರ್ಯಕ್ರಮವಿದ್ದರೆ ನಮ್ಮ ಕಡೆಯವರಿಗೆ ಅದೃಷ್ಟ. ಹುಬ್ಬಳ್ಳಿ ಬಸ್ಸುಗಳು ಓಡುವ ಹೆದ್ದಾರಿಯೇ ಅದು. ಸ್ಲೀಪರ್ ಬಸ್ ಬುಕ್ ಮಾಡುವಾಗ ಹತ್ತುವ ಜಾಗವನ್ನು ಮೆಜೆಸ್ಟಿಕ್ ಅಂತ ಹಾಕದೆ ಜಾಲಹಳ್ಳಿ ಕ್ರಾಸ್, ಎಂಟನೇ ಮೈಲಿ ಅಥವಾ ನೆಲಮಂಗಲ ಅಂತ ಹಾಕಿ. ಊರೊಳಗೆ ಹೋಗಿ ಮತ್ತೆ ಅದೇ ದಾರಿಯಲ್ಲಿ ಹೊರಗೆ ಬರುವ ಒಂದೂವರೆ ತಾಸು ಉಳಿಯುತ್ತದೆ. 2024ರ ನವೆಂಬರಿನಿಂದ ಹಸಿರು ಮೆಟ್ರೊ ಮಾದಾವರದವರೆಗೂ ಬರುತ್ತದೆ, ಅದೇ ಸಾಲಿನಲ್ಲಿ ಯಶವಂತಪುರ, ಮೆಜೆಸ್ಟಿಕ್ ಎರಡೂ ಸಿಗುತ್ತವೆ. ಬೆಳಿಗ್ಗೆಯೇ ಸ್ಮಾರ್ಟ್ ಕಾರ್ಡಿಗೆ ದುಡ್ಡು ತುಂಬಿಸಿಟ್ಟುಕೊಳ್ಳಿ. ರಾತ್ರಿ ಟೋಕನ್ ಸಾಲು ಗೇಟಿನ ಆಚೆಗೂ ಬೆಳೆದಿರುತ್ತದೆ, ಕಾರ್ಡಿನವರು ಪಕ್ಕದಿಂದ ಒಳಗೆ ಹೋಗುತ್ತಾರೆ.

ಅರಮನೆ ಮೈದಾನವಾದರೆ ಮೇಖ್ರಿ ಸರ್ಕಲ್ ಕಡೆಯ ವಾಹನದಟ್ಟಣೆ ನೆನಪಿರಲಿ. ಮೈದಾನಕ್ಕೆ ಅನೇಕ ಗೇಟುಗಳಿವೆ, ಒಂದಕ್ಕೂ ಇನ್ನೊಂದಕ್ಕೂ ಬಹಳ ದೂರ. ಆಟೊದವರಿಗೆ “ಪ್ಯಾಲೆಸ್ ಗ್ರೌಂಡ್ಸ್” ಅಂದರೆ ಸಾಲದು, ಟಿಕೆಟಿನಲ್ಲಿರುವ ಗೇಟ್ ನಂಬರ್ ಹೇಳಿ. ಮುಗಿದ ಮೇಲೆ ಗೇಟಿನ ಮುಂದೆಯೇ ಕ್ಯಾಬ್ ಬುಕ್ ಮಾಡುತ್ತ ನಿಲ್ಲಬೇಡಿ. ನೆಟ್‌ವರ್ಕ್ ಸಿಗುವುದಿಲ್ಲ, ಸಿಕ್ಕರೂ ದರ ಎರಡು-ಮೂರು ಪಟ್ಟು. ಒಂದು ಕಿಲೋಮೀಟರ್ ನಡೆದು ಆಮೇಲೆ ನೋಡಿ.

ರಾತ್ರಿ ಉಳಿಯಲು ಆಗುವುದಾದರೆ ಉಳಿಯಿರಿ. ಯಶವಂತಪುರ ಅಥವಾ ಮೆಜೆಸ್ಟಿಕ್ ಪಕ್ಕದ ಲಾಡ್ಜಿನಲ್ಲಿ ನಾಲ್ಕೈದು ತಾಸು ಮಲಗಿ, ಮುಂಜಾನೆ ಆರರ ಆಸುಪಾಸಿನ ಜನಶತಾಬ್ದಿ ಅಥವಾ ಧಾರವಾಡದ ವಂದೇ ಭಾರತ್ ಹಿಡಿದರೆ ಹಗಲಲ್ಲೇ ಊರು. ಸರ್ಕಾರಿ ಬಸ್ಸಿನಲ್ಲಿ ಹೋಗುವ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸಾಮಾನ್ಯ ಮತ್ತು ವೇಗದೂತ ಸಾರಿಗೆಗೆ ಮಾತ್ರ, ಎಸಿ ಮತ್ತು ಸ್ಲೀಪರ್ ಬಸ್ಸಿಗೆ ಇಲ್ಲ. ಏಳೆಂಟು ತಾಸು ಕೂತು ಬಂದು ಮತ್ತೆ ಏಳು ತಾಸು ನಿಲ್ಲುವುದು ಬೆನ್ನಿಗೆ ಹೊರೆ. ಹೋಗುವಾಗಲಾದರೂ ಮಲಗಿ ಹೋಗಿ.

ಕಿವಿ ತಯಾರು, ಹಾಡೂ ತಯಾರು

ಬ್ಯಾಂಡ್ ಈ ಪ್ರವಾಸದಲ್ಲಿ ಹಿಂದಿನ ಊರುಗಳಲ್ಲಿ ಯಾವ ಹಾಡುಗಳನ್ನು ಯಾವ ಕ್ರಮದಲ್ಲಿ ನುಡಿಸಿದೆ ಎಂಬುದು ಸೆಟ್‌ಲಿಸ್ಟ್ ಎಫ್‌ಎಂ ತಾಣದಲ್ಲಿ ಸಿಗುತ್ತದೆ. ನೋಡಿದರೆ ಅಚ್ಚರಿ ಹೋಗುತ್ತದೆ ಅನ್ನುವವರಿದ್ದಾರೆ, ಅವರ ಮಾತನ್ನು ತಳ್ಳಿಹಾಕಲಾಗದು. ಆದರೆ ದೂರದಿಂದ ಹೋಗುವವರು ನೋಡುವುದೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಹೊಸ ಆಲ್ಬಮ್ಮಿನ ನಾಲ್ಕು ಹಾಡುಗಳನ್ನು ಮೊದಲ ಸಲ ಕೇಳುವುದು ಆ ಗದ್ದಲದಲ್ಲೇ ಆಗಿಬಿಟ್ಟರೆ ಏನೂ ಹಿಡಿಯುವುದಿಲ್ಲ. ಎರಡು ವಾರ ಮುಂಚಿನಿಂದ ಆ ಪಟ್ಟಿಯನ್ನು ಸ್ಟುಡಿಯೊ ಧ್ವನಿಮುದ್ರಣದಲ್ಲೂ, ಬ್ಯಾಂಡಿನ ಅಧಿಕೃತ ಲೈವ್ ಧ್ವನಿಮುದ್ರಣದಲ್ಲೂ ಕೇಳಿ. ವಯಸ್ಸಾದ ಹಾಡುಗಾರರಿಗೆ ಮೇಲಿನ ಸ್ವರ ಹಗುರವಾಗಲೆಂದು ಅನೇಕ ಬ್ಯಾಂಡುಗಳು ಗಿಟಾರನ್ನು ಅರ್ಧ ಸ್ವರ ಇಳಿಸಿ ಶ್ರುತಿ ಮಾಡುತ್ತವೆ. ಹಾಡಿನ ವೇಗವೂ ಎದುರಿಗೆ ಕೊಂಚ ಹೆಚ್ಚಿರುತ್ತದೆ. ಇದು ಗೊತ್ತಿದ್ದರೆ “ಏನೋ ಬೇರೆ ಕೇಳಸ್ತದಲ್ಲ” ಎಂಬ ಗೊಂದಲ ಇರುವುದಿಲ್ಲ, ಸೋಲೊದಲ್ಲಿ ಗಿಟಾರ್ ವಾದಕ ಏನು ಬದಲಿಸಿದರು ಎಂಬುದರ ಮೇಲೆ ಗಮನ ನಿಲ್ಲುತ್ತದೆ.

ಈಗ ಕಿವಿಯ ರಕ್ಷಣೆ. ಇದನ್ನು ಬಿಟ್ಟು ಉಳಿದೆಲ್ಲ ಮಾಡಿದರೂ ಪ್ರಯೋಜನವಿಲ್ಲ. 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ತಾಸು ತಡೆಯಬಹುದು ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಳತೆ. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧವಾಗುತ್ತದೆ. 88ಕ್ಕೆ 4 ತಾಸು, 94ಕ್ಕೆ ಒಂದು ತಾಸು, 100ಕ್ಕೆ ಬರೀ 15 ನಿಮಿಷ. ರಾಕ್ ಕನ್ಸರ್ಟ್ ನೂರರ ಆಸುಪಾಸಿನಲ್ಲಿ, ಮುಂದುಗಡೆ ಅದಕ್ಕೂ ಹೆಚ್ಚಿಗೆ ಎರಡು ತಾಸು ನಡೆಯುತ್ತದೆ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಔಷಧಿ ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ಅಗ್ಗ, ಕೆಲಸ ಮಾಡುತ್ತದೆ. ಆದರೆ ಅದು ಮೇಲಿನ ಸ್ವರಗಳನ್ನೇ ಹೆಚ್ಚು ತಿನ್ನುವುದರಿಂದ ಸಂಗೀತ ಕಂಬಳಿ ಹೊದ್ದಂತೆ ಮಂಕಾಗುತ್ತದೆ. ಸಂಗೀತಗಾರರಿಗೆಂದೇ ಬರುವ ಫಿಲ್ಟರ್ ಇರುವ ಸಿಲಿಕೋನ್ ಪ್ಲಗ್ 15–20 ಡೆಸಿಬೆಲ್‌ನಷ್ಟು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ಇಳಿಸುತ್ತದೆ. ಒಂದು ಸಲ ಕೊಂಡರೆ ವರ್ಷಗಟ್ಟಲೆ ಬಾಳುತ್ತದೆ. ಹತ್ತಿ ತುರುಕಿಕೊಳ್ಳುವುದು ಉಪಯೋಗವಿಲ್ಲ.

ಫೋಮ್ ಪ್ಲಗ್ ಹಾಕುವ ಕ್ರಮವನ್ನು ಮನೆಯಲ್ಲೇ ಕಲಿಯಿರಿ:

1. ಕೈ ತೊಳೆದು, ಪ್ಲಗ್ಗನ್ನು ಬೆರಳುಗಳ ನಡುವೆ ಹೊಸೆದು, ಸುಕ್ಕಿಲ್ಲದ ತೆಳ್ಳನೆಯ ಬತ್ತಿಯಷ್ಟು ಸಣ್ಣ ಮಾಡಿ.
2. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಕಿವಿಯ ನಾಳ ಆಗ ನೆಟ್ಟಗಾಗುತ್ತದೆ.
3. ಪ್ಲಗ್ ಒಳಗೆ ತಳ್ಳಿ, ಬೆರಳಿನಿಂದ ಒತ್ತಿ ಹಿಡಿದು ಮೂವತ್ತರವರೆಗೆ ಎಣಿಸಿ. ಅಷ್ಟರಲ್ಲಿ ಅದು ಉಬ್ಬಿ ಕೂರುತ್ತದೆ.
4. ಮಾತಾಡಿ ನೋಡಿ. ನಿಮ್ಮ ದನಿ ತಲೆಯೊಳಗಿಂದ ಬಂದಂತೆ ದಪ್ಪಗೆ ಕೇಳಿದರೆ ಸರಿಯಾಗಿ ಕೂತಿದೆ.

ಮೂರನೇ ಹಂತ ಬಿಟ್ಟವರಿಗೆ ಪ್ಲಗ್ ಅರ್ಧ ಹೊರಗೇ ಉಳಿಯುತ್ತದೆ. ಪೊಟ್ಟಣದ ಮೇಲೆ 30 ಡೆಸಿಬೆಲ್ ಎಂದಿದ್ದರೂ ಅವರಿಗೆ ಅದರ ಅರ್ಧವೂ ಸಿಗದು. ಮೊದಲ ಹಾಡಿನ ಮುಂಚೆಯೇ ಹಾಕಿಕೊಳ್ಳಿ. ಐದು ನಿಮಿಷದಲ್ಲಿ ಮಿದುಳು ಹೊಂದಿಕೊಳ್ಳುತ್ತದೆ. ಒಂದು ಜೊತೆ ಹೆಚ್ಚಿಗೆ ಇರಲಿ, ನೂಕಾಟದಲ್ಲಿ ಬಿದ್ದದ್ದು ಸಿಗುವುದಿಲ್ಲ.

ಜೇಬು, ಕಾಲು, ಹೊಟ್ಟೆ

ದೊಡ್ಡ ಚೀಲ, ನೀರಿನ ಬಾಟಲಿ, ಹೊರಗಿನ ತಿಂಡಿ, ಛತ್ರಿ, ಲೈಟರ್, ಸುಗಂಧದ ಬಾಟಲಿ, ದೊಡ್ಡ ಕ್ಯಾಮೆರಾ ಇವೆಲ್ಲ ಸಾಮಾನ್ಯವಾಗಿ ಗೇಟಿನಲ್ಲೇ ನಿಲ್ಲುತ್ತವೆ. ಕೆಲವೊಮ್ಮೆ ಪವರ್‌ಬ್ಯಾಂಕ್ ಕೂಡ. ಆಯಾ ಕಾರ್ಯಕ್ರಮದ ಪಟ್ಟಿ ಓದಿಕೊಳ್ಳಿ. ಊರಿಂದ ತಂದ ಚೀಲವನ್ನು ರೈಲು ನಿಲ್ದಾಣದ ಕ್ಲೋಕ್‌ರೂಮಿನಲ್ಲಿಡಬಹುದು. ಚೀಲಕ್ಕೆ ಬೀಗ ಇರಬೇಕು, ಪ್ರಯಾಣದ ಟಿಕೆಟ್ ತೋರಿಸಬೇಕು. ಜಿಪ್ಪಿಗೆ ಹಾಕುವ ಸಣ್ಣ ಬೀಗವೊಂದನ್ನು ಮನೆಯಿಂದಲೇ ಒಯ್ಯಿರಿ.

ಒಳಗೆ ಬೇಕಾದ್ದು ಬಹಳ ಕಡಿಮೆ. ಫೋನ್, ಗುರುತಿನ ಚೀಟಿ, ಐದುನೂರು ರೂಪಾಯಿಯ ಚಿಲ್ಲರೆ ನೋಟುಗಳು, ಒಂದು ಕಾರ್ಡ್, ಇಯರ್‌ಪ್ಲಗ್, ಮಡಚಿದ ತೆಳು ರೇನ್‌ಕೋಟ್. ಮುಂದಿನ ಜೇಬಿನಲ್ಲಿ, ಜಿಪ್ ಇದ್ದರೆ ಇನ್ನೂ ಒಳ್ಳೆಯದು. ಸಾವಿರಾರು ಫೋನ್‌ಗಳು ಒಂದೇ ಟವರಿಗೆ ಜೋತುಬಿದ್ದಾಗ ಇಂಟರ್ನೆಟ್ ನಿಂತುಹೋಗುತ್ತದೆ, ಯುಪಿಐ ಕೂಡ. ಆದ್ದರಿಂದ ಟಿಕೆಟ್ಟನ್ನು ಗೇಟಿನಿಂದ ದೂರವಿರುವಾಗಲೇ ತೆರೆದಿಡಿ. ಕೆಲವು ಟಿಕೆಟುಗಳ ಕ್ಯುಆರ್ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಅವಕ್ಕೆ ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಹೊಸ ಶೂ ಹಾಕಬೇಡಿ. ಹಳೆಯ, ಪಳಗಿದ, ಕಾಲ್ಬೆರಳು ಮುಚ್ಚುವ ಶೂ, ಎರಡು ಗಂಟು. ಮಳೆ ಬಿದ್ದರೆ ಮಣ್ಣಿನ ಮೈದಾನ ಒಂದು ತಾಸಿನಲ್ಲಿ ಕೆಸರು.

ಮಧ್ಯಾಹ್ನ ಹೊಟ್ಟೆತುಂಬ ಉಂಡು ಹೋಗಿ. ಮನೆಯಿಂದ ಕಟ್ಟಿ ತಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಕೆಡುವುದಿಲ್ಲ, ರಾತ್ರಿಯವರೆಗೆ ಹಸಿವೆ ತಡೆಯುತ್ತದೆ. ಗೇಟಿನ ಹೊರಗೇ ಮುಗಿಸಿ. ಒಳಗೆ ಹೋಗುವ ಎರಡು ತಾಸು ಮುಂಚೆ ಅರ್ಧ ಲೀಟರ್ ನೀರು ಕುಡಿಯಿರಿ, ಆಮೇಲೆ ಗುಟುಕು ಗುಟುಕಾಗಿ. ಬಿಸಿಲಿನಲ್ಲಿ ಸಾಲು ನಿಂತವರು ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರ್ ನೀರಿಗೇ ಬೆರೆಸಬೇಕು. ಅರ್ಧ ಲೀಟರಿಗೆ ಬೆರೆಸಿದರೆ ಉಪ್ಪಿನಂಶ ಹೆಚ್ಚಾಗಿ ತೊಂದರೆಯೇ.

ಒಳಗೆ

ಗೇಟ್ ದಾಟಿದ ಕೂಡಲೇ ವೇದಿಕೆಯತ್ತ ಓಡುವ ಮುಂಚೆ ಮೂರು ಕೆಲಸ ಮಾಡಿ. ತುರ್ತು ದ್ವಾರಗಳು ಎಲ್ಲೆಲ್ಲಿವೆ ನೋಡಿ. ನೀರು ಮತ್ತು ಶೌಚಾಲಯದ ಜಾಗ ಗುರುತಿಸಿ. ಜೊತೆಯವರೆಲ್ಲ ತಪ್ಪಿಸಿಕೊಂಡರೆ ಸೇರುವ ಜಾಗ ಗೊತ್ತುಮಾಡಿ, “ಹತ್ತೂವರೆಗೆ ಆಂಬುಲೆನ್ಸಿನ ಎಡಕ್ಕೆ” ಎನ್ನುವಷ್ಟು ಖಚಿತವಾಗಿ. ಬ್ಯಾಂಡಿನ ಅಧಿಕೃತ ಟೀ ಶರ್ಟ್ ಬೇಕಿದ್ದರೆ ಈಗಲೇ ಕೊಳ್ಳಿ. ಮುಗಿದ ಮೇಲೆ ಉಳಿಯುವುದು ಎಕ್ಸ್‌ಎಸ್ ಮತ್ತು ತ್ರಿಬಲ್ ಎಕ್ಸ್‌ಎಲ್ ಮಾತ್ರ.

ಮೊದಲಿನ ಬ್ಯಾಂಡುಗಳನ್ನು ಕಡೆಗಣಿಸಬೇಡಿ. ಅವರಿಗೂ ಅದು ದೊಡ್ಡ ದಿನ. ಅವರ ಕೊನೆಯ ಹಾಡಿನ ಹಿಂದಿನ ಹಾಡಿಗೆ ಶೌಚಾಲಯಕ್ಕೆ ಹೋಗಿಬನ್ನಿ. ಎಲ್ಲರೂ ಹೋಗುವುದು ಅವರು ಇಳಿದ ಮೇಲೆ, ಆಗ ಇಪ್ಪತ್ತು ನಿಮಿಷದ ಸಾಲು. ವೇದಿಕೆ ಬದಲಿಸಲು ಮೂವತ್ತರಿಂದ ನಲವತ್ತೈದು ನಿಮಿಷ ಹಿಡಿಯುತ್ತದೆ. ತಂತ್ರಜ್ಞರು ಒಂದೊಂದೇ ಡ್ರಮ್ ಬಾರಿಸಿ, ಒಂದೊಂದೇ ಮೈಕ್ ಪರೀಕ್ಷಿಸುತ್ತಾರೆ. ಅವರು ನೆಲಕ್ಕೆ ಹಾಡುಪಟ್ಟಿಯ ಕಾಗದ ಅಂಟಿಸಿ, ನೀರಿನ ಬಾಟಲಿ, ಟವಲ್ ಇಟ್ಟು ಹೋದರೆ ಇನ್ನು ಹತ್ತೇ ನಿಮಿಷ.

ಜನಸಂದಣಿಯ ವಿಷಯ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ನೂಕುನುಗ್ಗಲಿನಲ್ಲಿ 11 ಜನ ಸತ್ತದ್ದು ಎಲ್ಲರಿಗೂ ಗೊತ್ತು. ಚದರ ಮೀಟರಿಗೆ ನಾಲ್ಕೈದು ಜನ ದಾಟಿದರೆ ಅಪಾಯ ಶುರು. ಆರನ್ನು ಮೀರಿದರೆ ಯಾರ ಕಾಲೂ ಅವರ ಹಿಡಿತದಲ್ಲಿರುವುದಿಲ್ಲ, ಇಡೀ ಗುಂಪು ಅಲೆಯಾಗಿ ತೂಗುತ್ತದೆ. ಲಕ್ಷಣ ಸುಲಭ: ಕೈ ಎತ್ತಿ ಮುಖ ಮುಟ್ಟಲು ಆಗುತ್ತಿಲ್ಲವೇ? ನಾಲ್ಕೂ ಕಡೆಯಿಂದ ಮೈ ತಾಗುತ್ತಿದೆಯೇ? ಆಗಲೇ ಹೊರಡಿ, ಹಾಡು ಮುಗಿಯಲಿ ಎಂದು ಕಾಯಬೇಡಿ. ಒಂದು ಕಾಲು ಮುಂದೆ, ಒಂದು ಹಿಂದೆ ಇಟ್ಟು ನಿಲ್ಲಿ. ಎರಡೂ ಮುಂಗೈಗಳನ್ನು ಎದೆಯ ಮುಂದೆ ಅಡ್ಡ ಹಿಡಿಯಿರಿ. ನೂಕುನುಗ್ಗಲಿನಲ್ಲಿ ಸಾಯುವವರಲ್ಲಿ ಹೆಚ್ಚಿನವರು ತುಳಿತದಿಂದಲ್ಲ, ಎದೆ ಹಿಗ್ಗಲು ಜಾಗವಿಲ್ಲದೆ ಉಸಿರುಗಟ್ಟಿ ಸಾಯುತ್ತಾರೆ. ಅಲೆ ಬಂದಾಗ ಎದುರು ನಿಲ್ಲಬೇಡಿ, ಅದರ ಜೊತೆ ಸಾಗಿ. ಅದು ನಿಂತ ಕ್ಷಣದಲ್ಲಿ ಓರೆಯಾಗಿ ಬದಿಗೆ ಸರಿಯಿರಿ. ಬಿದ್ದ ವಸ್ತು ಎತ್ತಲು ಬಗ್ಗಬೇಡಿ. ಮುಂದೆ ಬ್ಯಾರಿಕೇಡಿನಲ್ಲಿದ್ದರೆ ಭದ್ರತಾ ಸಿಬ್ಬಂದಿಗೆ ಕೈಮಾಡಿ, ಅವರು ಮೇಲಿನಿಂದ ಎತ್ತಿಕೊಳ್ಳುತ್ತಾರೆ.

ಮೆಟಲ್ ಬ್ಯಾಂಡಿನ ಮುಂದೆ ಮಾಶ್ ಪಿಟ್, ಅಂದರೆ ಅಭಿಮಾನಿಗಳು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಕುಣಿಯುವ ವೃತ್ತ, ಹುಟ್ಟುವುದು ಖಂಡಿತ. ಒಳಗೆ ಹೋಗುವವರು ಕನ್ನಡಕ, ಕಡಗ, ಉಂಗುರ ತೆಗೆದಿಡಿ. ಯಾರಾದರೂ ಬಿದ್ದರೆ ಸುತ್ತಲಿನವರು ನಿಂತು ತಕ್ಷಣ ಎತ್ತುವುದು ಅಲ್ಲಿನ ಮೊದಲ ನಿಯಮ. ಬೇಡವಾದವರು ಅಂಚಿನಿಂದ ನಾಲ್ಕು ಸಾಲು ಹಿಂದೆ ಸರಿದರೆ ಸಾಕು. ಗದ್ದಲದ ನೆಪದಲ್ಲಿ ಯಾರಾದರೂ ಮೈಮೇಲೆ ಕೈಹಾಕಿದರೆ ಸಹಿಸಿಕೊಳ್ಳಬೇಡಿ, ಜೋರಾಗಿ ಕೂಗಿ ತೋರಿಸಿ. ಪಕ್ಕದಲ್ಲಿ ನಿಂತ ಅಭಿಮಾನಿಗಳು ಹಾಗೆ ಕೂಗಿದವರ ಜೊತೆ ನಿಲ್ಲಬೇಕಾದ್ದು ಕರ್ತವ್ಯ.

ಫೋನಿನಲ್ಲಿ ಒಂದೋ ಎರಡೋ ಹಾಡು ತೆಗೆದುಕೊಳ್ಳಿ, ಸಾಕು. ಹಿಂದಿನವರಿಗೆ ನಿಮ್ಮ ಪರದೆಯೇ ಅಡ್ಡ. ತೆಗೆಯುವಾಗ ಹಾಡುಗಾರನ ಮುಖದ ಮೇಲೆ ಬೆರಳು ಒತ್ತಿಹಿಡಿದು ಬೆಳಕಿನ ಮಟ್ಟ ಲಾಕ್ ಮಾಡಿ, ಆಮೇಲೆ ಸ್ವಲ್ಪ ಇಳಿಸಿ. ಇಲ್ಲದಿದ್ದರೆ ಹಿಂದಿನ ಎಲ್‌ಇಡಿ ಪರದೆ ಬದಲಾದಾಗಲೆಲ್ಲ ಮುಖ ಬೆಳ್ಳಗೆ ಸುಟ್ಟುಹೋಗುತ್ತದೆ. ಮನೆಗೆ ಬಂದು ನೋಡಿದರೆ ಬರೀ ಕರಕರ ಸದ್ದು ಕೇಳುವುದಕ್ಕೂ ಕಾರಣವಿದೆ. ಫೋನಿನ ಮೈಕ್ ಅಷ್ಟು ಬೇಸನ್ನು ತಾಳಲಾರದೆ ಅಲೆಯ ತುದಿ ಕತ್ತರಿಸಿಬಿಡುತ್ತದೆ. ಗೇನ್ (ಮೈಕ್ ಶಬ್ದ ಹಿಡಿಯುವ ಮಟ್ಟ) ಕೈಯಲ್ಲೇ ಹೊಂದಿಸಲು ಬಿಡುವ ರೆಕಾರ್ಡಿಂಗ್ ಆ್ಯಪಿನಲ್ಲಿ, ಅತಿ ಜೋರಿನ ಭಾಗವೂ ಆ್ಯಪಿನ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ದಾಟದಂತೆ ಇಳಿಸಿಕೊಂಡರೆ ಕೇಳುವಂಥ ಧ್ವನಿ ಸಿಗುತ್ತದೆ. ಮುಗಿಸಿ, ಜೇಬಿಗೆ ಹಾಕಿ, ಕೇಳಿ.

ಮುಗಿದ ಮೇಲೆ

ಒಳಗೆ ತಿಂಡಿ-ನೀರಿಗೆ ನಗದಿನ ಬದಲು ಮೊದಲೇ ಹಣ ತುಂಬಿಸಿದ ಪಟ್ಟಿ ಕೈಗೆ ಕಟ್ಟಿದ್ದರೆ ಅದರಲ್ಲಿ ಉಳಿದ ಹಣ ವಾಪಸು ಪಡೆಯಲು ಗಡುವು ಇರುತ್ತದೆ. ಊರಿಗೆ ಬಂದ ದಿನವೇ ಅರ್ಜಿ ಹಾಕಿ, ಪಟ್ಟಿ ಕತ್ತರಿಸುವ ಮುಂಚೆ ಅದರ ನಂಬರಿನ ಫೋಟೊ ತೆಗೆದುಕೊಳ್ಳಿ. ಬಸ್ಸಿನಲ್ಲಿ ಮತ್ತೆ ಇಯರ್‌ಫೋನ್ ಹಾಕಿ ಅದೇ ಹಾಡು ಕೇಳುವ ಆಸೆ ಸಹಜ. ಆ ರಾತ್ರಿ ಬೇಡ, ದಣಿದ ಕಿವಿಗೆ ಒಂದು ದಿನ ನಿಶ್ಶಬ್ದ ಕೊಡಿ. ಕಿವಿಯಲ್ಲಿ ಗುಂಯ್‌ಗುಡುವುದು, ಮಾತು ಮುಚ್ಚಿದಂತೆ ಕೇಳುವುದು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಅದಾದ ಮೇಲೂ ಉಳಿದರೆ, ಅಥವಾ ಒಂದು ಕಿವಿ ಒಮ್ಮೆಗೇ ಮಂದವಾದರೆ, ಮುಂದಿನ ವಾರಕ್ಕೆ ಹಾಕದೆ ಕಿವಿ-ಮೂಗು-ಗಂಟಲು ತಜ್ಞರ ಬಳಿ ಹೋಗಿ ಆಡಿಯೊಮೆಟ್ರಿ (ಕಿವಿ ಎಷ್ಟು ಕೇಳುತ್ತದೆ ಎಂಬ ಪರೀಕ್ಷೆ) ಮಾಡಿಸಿ. ಒಮ್ಮೆಲೇ ಕೇಳಿಸದಾದ ಕಿವಿಗೆ ಚಿಕಿತ್ಸೆ ಫಲ ಕೊಡುವುದು ಮೊದಲ ಕೆಲವು ದಿನಗಳಲ್ಲೇ. ಆ ಪರೀಕ್ಷೆಯ ಕಾಗದವನ್ನು ಎತ್ತಿಡಿ, ಮುಂದಿನ ಕನ್ಸರ್ಟಿನ ನಂತರ ಹೋಲಿಸಿ ನೋಡಲು ಬೇಕಾಗುತ್ತದೆ.